ಟ್ರಾಮಿನ್ ಊರಿನ ಘಮಘಮ ಬಿಳಿ ವೈನ್: ಕುಡಿದವರು, ತಂದವರು ಸ್ವಲ್ಪ ಹೇಳಿ

ಪ್ರಶ್ನೆ: ಮುಂದಿನ ತಿಂಗಳು ಮ್ಯೂನಿಕ್‌ನಿಂದ ಇಟಲಿಯ ಆಲ್ಟೊ ಆಡಿಜೆ ಕಡೆ ಹೋಗುತ್ತಿದ್ದೇವೆ. ಅಲ್ಲಿನ ಟ್ರಾಮಿನ್ ಊರಿನ ಗೆವುರ್ಟ್ಸ್‌ಟ್ರಾಮಿನರ್ ಅನ್ನೋ ದ್ರಾಕ್ಷಿಯ ವೈನನ್ನು ಎಲ್ಲರೂ ಹೊಗಳುತ್ತಾರೆ. ಮನೆಯವರೇ ಮಾಡುವ ಸಣ್ಣ ಕಡೆಯಿಂದ ಎರಡು ಬಾಟಲಿ ಬೆಂಗಳೂರಿಗೆ ತರಬೇಕು. ಅಣ್ಣನಿಗೆ ಸಿಹಿ ಇಷ್ಟ. ಏನು ನೋಡಿ ಕೊಳ್ಳಲಿ?

ಉತ್ತರ 1: ಮೊದಲು ಮೂಗನ್ನು ನಂಬಬೇಡಿ. ಗ್ಲಾಸ್ ಹತ್ತಿರ ತಂದರೆ ಮದುವೆ ಮನೆ ಬಾಗಿಲಲ್ಲಿ ಚಿಮುಕಿಸುವ ಪನ್ನೀರಿನದೇ ವಾಸನೆ, ಜೊತೆಗೆ ಲಿಚಿ ಹಣ್ಣು. ಸುಮ್ನೆ ಹೋಲಿಕೆ ಅಲ್ಲ, ಗುಲಾಬಿ, ಲಿಚಿ ಎರಡರಲ್ಲೂ ಇರುವ ರೋಸ್ ಆಕ್ಸೈಡ್ ಈ ದ್ರಾಕ್ಷಿಯಲ್ಲೂ ಇದೆ. ಸಿಹಿ ಇರುತ್ತೆ ಅಂದುಕೊಂಡು ಗುಟುಕರಿಸಿದೆ. ಸಿಹಿಯೇ ಇಲ್ಲ! ಹುಳಿಯೂ ಕಮ್ಮಿ, ಕೊನೆಗೆ ಒಂಚೂರು ಕಹಿ. ಆಲ್ಕೋಹಾಲ್ ನೋಡಿದರೆ 14.5%. ಅಣ್ಣನಿಗಾದರೆ ಲೇಬಲ್ ಮೇಲೆ 'ಪಸ್ಸಿತೊ' ಅಥವಾ 'ವೆಂದೆಮ್ಮಿಯಾ ತಾರ್ದಿವಾ' ಅಂತ ಇರುವುದನ್ನು ಹುಡುಕಿ. ಮೊದಲನೆಯದು ದ್ರಾಕ್ಷಿ ಒಣಗಿಸಿ ಮಾಡಿದ್ದು, ಎರಡನೆಯದು ತಡವಾಗಿ ಕೊಯ್ದ ದ್ರಾಕ್ಷಿಯದು. ಬಾಟಲಿ ಚಿಕ್ಕದು, ಬೆಲೆ ಜಾಸ್ತಿ.

ಉತ್ತರ 2: ಸಣ್ಣವರನ್ನು ಗುರುತಿಸುವುದು ಹೇಗೆ ಅಂದರೆ, ಬೋರ್ಡಿನಲ್ಲಿ 'ವೈನ್‌ಗುಟ್' ಅಂತ ಇದ್ದರೆ ಸ್ವಂತ ತೋಟದವರು. 'ಕೆಲ್ಲೆರೈ' ಅಂದರೆ ಹೆಚ್ಚಾಗಿ ಸೊಸೈಟಿ, ನಮ್ಮೂರ ಡೇರಿಗೆ ಹಾಲು ಹಾಕಿದ ಹಾಗೆ ರೈತರು ಅಲ್ಲಿಗೆ ದ್ರಾಕ್ಷಿ ಹಾಕುತ್ತಾರೆ. ಆ ಸೀಮೆಯ ವೈನ್ ಜಾಸ್ತಿ ಬರುವುದೇ ಅಲ್ಲಿಂದ, ಕೀಳು ಅಂತ ತಿಳಿಯಬೇಡಿ. ಬೋರ್ಡು ಜರ್ಮನ್‌ನಲ್ಲಿ ಯಾಕೆ ಅಂತೀರಾ? ಮೊದಲ ಮಹಾಯುದ್ಧದ ತನಕ ಅದು ಆಸ್ಟ್ರಿಯಾ. ಊರಿಗೂ ಎರಡು ಹೆಸರು: ಟ್ರಾಮಿನ್, ಟೆರ್ಮೆನೊ. ದ್ರಾಕ್ಷಿಗೆ ಹೆಸರು ಬಂದಿದ್ದು ಆ ಊರಿಂದಲೇ.

ಫೋನ್ ಮಾಡದೆ ಹೋಗಬೇಡಿ. ನಾವು ಸೆಪ್ಟೆಂಬರಿನಲ್ಲಿ, ಕೊಯ್ಲಿನ ಮಧ್ಯೆ ಹೋಗಿ ನಿಂತೆವು. ಮನೆಯಾಕೆ ಅಂಟಂಟು ಕೈಯಲ್ಲೇ ಬಂದು ಬಾಗಿಲು ತೆಗೆದರು. ಹಿಂದೆ ಕ್ರೇಟಿನ ತುಂಬ ದ್ರಾಕ್ಷಿ. ಬಿಳಿ ವೈನಿನದು ಅಂದರೆ ನಂಬಲಾರಿರಿ, ಸಿಪ್ಪೆ ತಿಳಿ ಗುಲಾಬಿ ಬಣ್ಣ. ಒಂದು ಹಿಡಿ ಕೊಟ್ಟರು, ವೈನ್ ಮಾತ್ರ ನಾಳೆ ಬನ್ನಿ ಅಂದರು. ನಮ್ಮ ರೈಲು ಅವತ್ತೇ ಸಂಜೆ.

ಉತ್ತರ 3: ಊಟದ ವಿಷಯದಲ್ಲಿ ನಾನು ಪೆಟ್ಟು ತಿಂದವನು. 'ಮಸಾಲೆ ಊಟಕ್ಕೆ ಹೇಳಿ ಮಾಡಿಸಿದ್ದು' ಅಂತ ಓದಿ ನಾಟಿ ಕೋಳಿ ಸಾರಿನ ಜೊತೆ ತೆರೆದೆ. ಅಷ್ಟು ಆಲ್ಕೋಹಾಲ್ ಖಾರದ ಮೇಲೆ ಬಿದ್ದರೆ ಉರಿ ಇನ್ನೂ ಜಾಸ್ತಿ. ಭಾವ ಗ್ಲಾಸ್ ಸರಿಸಿ ಮಜ್ಜಿಗೆ ಕೇಳಿದರು. ಶುಂಠಿ, ಏಲಕ್ಕಿ, ತೆಂಗಿನಹಾಲಿನ ಅಡುಗೆಗೆ ಚೆನ್ನಾಗಿ ಹೊಂದುತ್ತದೆ. ಐಸ್‌ನಂತೆ ತಣ್ಣಗೆ ಮಾಡಿದರೆ ಘಮವೇ ಸತ್ತುಹೋಗುತ್ತದೆ, 10–12 ಡಿಗ್ರಿ ಸಾಕು.

ಉತ್ತರ 4: ಕಸ್ಟಮ್ಸ್‌ನಲ್ಲಿ ಒಬ್ಬರಿಗೆ 2 ಲೀಟರ್ ತನಕ ಸುಂಕ ಇಲ್ಲ. 750 ಮಿಲಿಯ ಎರಡು ಬಾಟಲಿ ಆರಾಮಾಗಿ ಬರುತ್ತದೆ. ಚೆಕ್-ಇನ್ ಬ್ಯಾಗಿನಲ್ಲಿ ಜೀನ್ಸ್ ಪ್ಯಾಂಟಿನ ಕಾಲೊಳಗೆ ತೂರಿಸಿ, ಪ್ಲಾಸ್ಟಿಕ್ ಸುತ್ತಿ. ನಾನು ಟವೆಲ್ ಒಂದೇ ಸುತ್ತಿದ್ದೆ. ಆ ಸೂಟ್‌ಕೇಸ್ ಈಗಲೂ ಪನ್ನೀರು ವಾಸನೆ ಹೊಡೆಯುತ್ತದೆ, ಅತ್ತೆಗೆ ಅಗರಬತ್ತಿ ಅಂತ ಹೇಳಿದ್ದೇನೆ.