ಅಪ್ಪನಿಗೆ ‘ಪೊಲೀಸ್’ ಅಂತ ಹೇಳಿಕೊಂಡು ಕಾಲ್ ಬರ್ತಾನೇ ಇವೆ. ನಂಬರ್ ಬದಲಿಸಬೇಕಾ?

ದಾವಣಗೆರೆ ಹುಡುಗಿ:

ಎಲ್ಲರಿಗೂ ನಮಸ್ಕಾರ. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು, ದಾವಣಗೆರೆಯಲ್ಲಿ ಒಬ್ಬರೇ ಇದ್ದಾರೆ. ನಾನು ಬೆಂಗಳೂರಿನಲ್ಲಿ. ಹೋದ ತಿಂಗಳು ಅವರಿಗೆ ಒಂದು ರೆಕಾರ್ಡೆಡ್ ಕಾಲ್ ಬಂತು. ಎರಡು ಗಂಟೆಯೊಳಗೆ ನಿಮ್ಮ ನಂಬರ್ ಬಂದ್ ಆಗುತ್ತೆ, ಹೆಚ್ಚಿನ ಮಾಹಿತಿಗೆ 9 ಒತ್ತಿ ಅಂತ. ಒತ್ತಿದರು. ಟ್ರಾಯ್‌ನಿಂದ (ಫೋನ್ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ) ಮಾತಾಡ್ತಿದ್ದೀನಿ ಅಂತ ಒಬ್ಬ ಹಿಂದಿಯಲ್ಲಿ ಶುರು ಮಾಡಿದ. ನಿಮ್ಮ ಆಧಾರ್ ಮೇಲೆ ಮುಂಬೈನಲ್ಲಿ ಇನ್ನೊಂದು ಸಿಮ್ ಇದೆ, ಅದರಿಂದ ಹೆಣ್ಣುಮಕ್ಕಳಿಗೆ ಕೆಟ್ಟ ಮೆಸೇಜ್ ಹೋಗಿವೆ, ಕೇಸ್ ಆಗಿದೆ ಅಂತ ಹೇಳಿ ‘ಠಾಣೆ’ಗೆ ಕನೆಕ್ಟ್ ಮಾಡಿದನಂತೆ. ಆಮೇಲೆ ವಾಟ್ಸಾಪ್ ವಿಡಿಯೋ ಕಾಲ್. ಖಾಕಿ ಹಾಕಿದ ಮನುಷ್ಯ, ಹಿಂದೆ ಗೋಡೆಯ ಮೇಲೆ ಲಾಂಛನ, ವಾಕಿಟಾಕಿ ಸದ್ದು ಬೇರೆ. ಬಾಗಿಲು ಹಾಕಿಕೊಂಡು ಕೂತುಕೊಳ್ಳಿ, ಮಗಳಿಗೆ ಹೇಳಿದರೆ ಅವಳನ್ನೂ ಕೇಸಿಗೆ ಸೇರಿಸ್ತೀವಿ ಅಂದನಂತೆ.

ಪುಣ್ಯಕ್ಕೆ ಪಕ್ಕದ ಮನೆ ಆಂಟಿ ಏನೋ ಕೊಡಲು ಬಂದು ಬಾಗಿಲು ಬಡಿದರು. ಅಪ್ಪ ಫೋನನ್ನು ಟೇಬಲ್ ಮೇಲೆ ಬೋರಲು ಹಾಕಿ ಎದ್ದು ಹೋದರು. ಅವರ ಮುಖ ನೋಡಿ ಆಂಟಿಗೆ ಏನೋ ಸರಿಯಿಲ್ಲ ಅನಿಸಿ ಒಳಗೆ ಬಂದು ಕಾಲ್ ಕಟ್ ಮಾಡಿದರು. ದುಡ್ಡು ಹೋಗಿಲ್ಲ.

ಆದರೆ ಕಾಲ್‌ಗಳು ನಿಂತಿಲ್ಲ. ಒಮ್ಮೆ ಬ್ಯಾಂಕ್ ಕೆವೈಸಿ ಅಂತಾರೆ, ಒಮ್ಮೆ ಬಿಲ್ ಕಟ್ಟಿಲ್ಲ, ರಾತ್ರಿ ಕರೆಂಟ್ ಕಟ್ ಮಾಡ್ತೀವಿ ಅಂತಾರೆ. ಅಪ್ಪ ಈಗ ಗೊತ್ತಿಲ್ಲದ ನಂಬರ್ ಯಾವುದನ್ನೂ ಎತ್ತುತ್ತಿಲ್ಲ. ಗ್ಯಾಸ್ ತಂದ ಹುಡುಗ ಗೇಟಿನಿಂದ ಫೋನ್ ಮಾಡಿ ಮಾಡಿ ವಾಪಸ್ ಹೋಗಿದ್ದಾನೆ, ಕಣ್ಣಿನ ಆಸ್ಪತ್ರೆಯವರ ಕಾಲನ್ನೂ ಎತ್ತಿಲ್ಲ. ರಾತ್ರಿ ನನಗೆ ಫೋನ್ ಮಾಡಿ ‘ಅಕಸ್ಮಾತ್ ನಿಜವಾಗ್ಲೂ ಕೇಸ್ ಆಗಿದ್ದರೆ?’ ಅಂತ ಕೇಳ್ತಾರೆ. ದುಡ್ಡಿಗಿಂತ ನನಗೆ ಇದೇ ಜಾಸ್ತಿ ಚಿಂತೆ. ನಂಬರ್ ಬದಲಿಸಿಬಿಡಲಾ? ದುಡ್ಡು ಹೋಗದಿದ್ದರೂ ದೂರು ಕೊಡಬಹುದಾ? ಕೇಸ್ ಇಲ್ಲ ಅಂತ ಅವರಿಗೆ ಹೇಗೆ ನಂಬಿಸೋದು?

ಮಾಜಿ ಕ್ಯಾಷಿಯರ್, ಶಿವಮೊಗ್ಗ:

ನೋಡಮ್ಮ, ನಂಬರ್ ಮಾತ್ರ ಬದಲಿಸಬೇಡ. ಪೆನ್ಷನ್ ಖಾತೆ, ಆಧಾರ್, ಗ್ಯಾಸ್ ಎಲ್ಲ ಅದಕ್ಕೇ ಜೋಡಿಸಿರುತ್ತೆ. ಬಿಟ್ಟ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಯವರು ಬೇರೆ ಯಾರಿಗಾದರೂ ಕೊಡಬಹುದು. ಅಷ್ಟರೊಳಗೆ ಒಂದು ಕಡೆ ಬದಲಿಸೋದು ಮರೆತರೂ ನಿಮ್ಮ ಒಟಿಪಿ ಇನ್ನೊಬ್ಬರ ಫೋನಿಗೆ ಹೋಗುತ್ತೆ. ಅದೂ ಅಲ್ಲದೆ ಹೊಸ ನಂಬರಿಗೂ ಇವರು ಬಂದೇ ಬರ್ತಾರೆ.

ನಾನು ಕೌಂಟರ್‌ನಲ್ಲಿ ಕಂಡಿದ್ದು ಹೇಳ್ತೀನಿ. ನಿವೃತ್ತಿಗೆ ಸ್ವಲ್ಪ ಮೊದಲು ವಯಸ್ಸಾದವರೊಬ್ಬರು ಬೆಳಿಗ್ಗೆ ಬ್ಯಾಂಕ್ ತೆರೆಯುತ್ತಿದ್ದ ಹಾಗೇ ಬಂದು ಎಫ್‌ಡಿ ಮುರಿಸಿ ಕೊಡಿ ಅಂದರು. ಯಾಕೆ ಸರ್ ಅಂದರೆ ‘ಮೊಮ್ಮಗಳ ಮದುವೆ’ ಅಂತ ಪಾಠ ಒಪ್ಪಿಸಿದ ಹಾಗೆ ಹೇಳಿದರು. ಶರ್ಟ್ ಜೇಬಿನಲ್ಲಿ ಫೋನ್ ಇತ್ತು, ಸ್ಕ್ರೀನ್ ಬೆಳಕು ಬಟ್ಟೆಯ ಮೂಲಕ ಕಾಣ್ತಿತ್ತು. ಕಾಲ್ ನಡೀತಾ ಇತ್ತು! ನಾನು ಮಾತಾಡದೆ ವಿತ್‌ಡ್ರಾಯಲ್ ಚೀಟಿಯ ಹಿಂದೆ ‘ಯಾರಾದರೂ ಹೆದರಿಸ್ತಾ ಇದ್ದಾರಾ?’ ಅಂತ ಬರೆದು ಗಾಜಿನ ಕೆಳಗೆ ತಳ್ಳಿದೆ. ಓದಿ ಅವರ ಕೈ ನಡುಗೋಕೆ ಶುರುವಾಯಿತು. ಮ್ಯಾನೇಜರ್ ಬಂದು ಫೋನ್ ಆಫ್ ಮಾಡಿಸಿದರು. ಈ ಮನುಷ್ಯರಿಗೆ ಲೆಕ್ಕ ಗೊತ್ತಿತ್ತು, ಬ್ಯಾಂಕಿನ ವ್ಯವಹಾರ ಗೊತ್ತಿತ್ತು. ಗೊತ್ತಿಲ್ಲದೇ ಇದ್ದಿದ್ದಕ್ಕೆ ಮೋಸ ಹೋಗಲಿಲ್ಲಮ್ಮ, ಒಬ್ಬರೇ ಸಿಕ್ಕಿಹಾಕಿಕೊಂಡಿದ್ದಕ್ಕೆ ಹೋಗ್ತಿದ್ದರು. ಆ ಕಳ್ಳರು ಮೊದಲು ಮಾಡೋದೇ ಮನೆಯವರಿಂದ ಬೇರೆ ಮಾಡೋದು. ಹಾಗಾಗಿ ಅಪ್ಪನಿಗೆ ನೂರು ಬಗೆಯ ಮೋಸ ಪಾಠ ಮಾಡೋಕೆ ಹೋಗಬೇಡ. ‘ಮನೆಯವರಿಗೆ ಹೇಳಬೇಡಿ’ ಅಂತ ಯಾರಾದರೂ ಅಂದ ತಕ್ಷಣ ಕಟ್ ಮಾಡಿ ನನಗೆ ಫೋನ್ ಮಾಡಿ, ಅಷ್ಟು ಹೇಳು ಸಾಕು.

ಬ್ಯಾಂಕಿನ ಕಡೆ ಮಾಡಬೇಕಾದ್ದು: ಯುಪಿಐಗೆ ಬೇರೆ ಖಾತೆ ಇಟ್ಟು ಅದರಲ್ಲಿ ತಿಂಗಳ ಖರ್ಚಿಗೆ ಬೇಕಾದಷ್ಟೇ ಹಾಕಿ. ಪೆನ್ಷನ್ ಖಾತೆಯ ಆನ್‌ಲೈನ್ ಮಿತಿಯನ್ನು ಶಾಖೆಗೆ ಹೋಗಿ ಕಡಿಮೆ ಮಾಡಿಸಿ. ಬ್ಯಾಂಕ್‌ಗಳು ಖಾತೆಯ ವಿಷಯಕ್ಕೆ ಗ್ರಾಹಕರಿಗೆ ಫೋನ್ ಮಾಡುವಾಗ 1600ರಿಂದ ಶುರುವಾಗುವ ನಂಬರನ್ನೇ ಬಳಸಬೇಕು ಅಂತ ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಹೇಳಿದೆ. ಜಾಹೀರಾತಿನ ಕಾಲ್‌ಗೆ 140. ಮಾಮೂಲಿ ಹತ್ತಂಕಿ ಮೊಬೈಲ್‌ನಿಂದ ‘ಬ್ಯಾಂಕ್’ ಅಂತ ಬಂದರೆ ಇಟ್ಟುಬಿಡಿ, ಪಾಸ್‌ಬುಕ್‌ನಲ್ಲಿರುವ ನಂಬರಿಗೆ ನೀವೇ ಮಾಡಿ. ಕರೆಂಟ್ ವಿಷಯಕ್ಕೂ ಅಷ್ಟೇ, ದಾವಣಗೆರೆ ಬೆಸ್ಕಾಂಗೆ ಸೇರುತ್ತೆ, 1912ಕ್ಕೆ ಮಾಡಿ ಕೇಳಿ.

ಕಪ್ಪುಕೋಟು, ಧಾರವಾಡ:

ಕೇಸ್ ಇದ್ದರೆ ಅನ್ನೋ ಭಯದ ಬಗ್ಗೆ ನಾನು ಹೇಳ್ತೀನಿ, ವಕೀಲಿ ಮಾಡ್ತೀನಿ. ಹೀಗೆ ವಿಡಿಯೋ ಕಾಲ್‌ನಲ್ಲೇ ‘ಬಂಧನ’ ಅಂತ ಕೂರಿಸೋದಕ್ಕೆ ಡಿಜಿಟಲ್ ಅರೆಸ್ಟ್ ಅಂತಾರೆ, ಅಂಥದ್ದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಬಿಎನ್‌ಎಸ್‌ಎಸ್‌ನಲ್ಲೂ (ಬಂಧನ, ತನಿಖೆ ಹೇಗೆ ನಡೀಬೇಕು ಅಂತ ಹೇಳುವ ಕಾನೂನು) ಇಲ್ಲ. ಪೊಲೀಸರು ಆರೋಪಿಯನ್ನು ವಿಚಾರಣೆಗೆ ಕರೆಯಬೇಕಾದರೆ ಅದರ 35ನೇ ಕಲಂ ಪ್ರಕಾರ ನೋಟಿಸ್ ಕೊಡ್ತಾರೆ. ಆ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ಸ್ಪಷ್ಟವಾಗಿ ಹೇಳಿದೆ. ವಿಡಿಯೋ ಕಾಲ್‌ನಲ್ಲಿ ಕೂರಿಸಿ, ‘ಪರಿಶೀಲನೆ ಮಾಡಿ ವಾಪಸ್ ಕೊಡ್ತೀವಿ, ದುಡ್ಡು ಈ ಖಾತೆಗೆ ಹಾಕಿ’ ಅನ್ನೋ ಪೊಲೀಸ್ ಈ ದೇಶದಲ್ಲಿ ಎಲ್ಲೂ ಇಲ್ಲ. ಇಂಥ ಪ್ರಕರಣಗಳು ಎಷ್ಟು ಹೆಚ್ಚಾದವು ಅಂದ್ರೆ, ಸುಪ್ರೀಂ ಕೋರ್ಟೇ 2025ರ ಡಿಸೆಂಬರ್‌ನಲ್ಲಿ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು.

ಇಷ್ಟೆಲ್ಲ ನೀವು ಫೋನಿನಲ್ಲಿ ಹೇಳಿದರೆ ಅವರ ಮನಸ್ಸಿಗೆ ಇಳಿಯೋದು ಕಷ್ಟ. ಖಾಕಿ ನೋಡಿ ಹೆದರಿದ್ದಾರೆ ಅಲ್ವಾ, ನಿಜವಾದ ಖಾಕಿಯೇ ಧೈರ್ಯ ಹೇಳಲಿ. ಈ ಸಲ ಊರಿಗೆ ಹೋದಾಗ ಅವರನ್ನು ಸಿಇಎನ್ ಠಾಣೆಗೆ ಕರೆದುಕೊಂಡು ಹೋಗಿ, ಸೈಬರ್ ಅಪರಾಧ ನೋಡೋ ಪೊಲೀಸ್ ಠಾಣೆ ಅದು, ಜಿಲ್ಲೆಗೊಂದು ಇರುತ್ತೆ. ನಡೆದಿದ್ದನ್ನು ಅವರ ಬಾಯಿಂದಲೇ ಹೇಳಿಸಿ. ನನ್ನ ಕಕ್ಷಿದಾರರೊಬ್ಬರು ಇಂಥದ್ದೇ ಕಾಲ್ ಬಂದ ಮೇಲೆ ಊಟ ಬಿಟ್ಟಿದ್ದರು. ಠಾಣೆಯಲ್ಲಿ ಒಬ್ಬ ಹೆಡ್‌ಕಾನ್‌ಸ್ಟೇಬಲ್ ಕುರ್ಚಿ ಎಳೆದು ಕೂರಿಸಿ, ‘ಯಜಮಾನ್ರೇ, ನಿಮ್ಮ ಮೇಲೆ ಏನೂ ಇಲ್ಲ, ಆರಾಮಾಗಿರಿ’ ಅಂದಿದ್ದು ನನ್ನ ಒಂದು ಗಂಟೆಯ ಮಾತಿಗಿಂತ ಜಾಸ್ತಿ ಕೆಲಸ ಮಾಡಿತು.

ಬೈಂದೂರು ಟು ದುಬೈ:

ನನ್ನ ಅಪ್ಪ ಅಮ್ಮನೂ ಊರಲ್ಲಿ ಇಬ್ಬರೇ. ಅವರಿಗೆ ಬಂದಿದ್ದು ಬೇರೆ ತರಹ. ನಿಮ್ಮ ಮಗನನ್ನು ಪೊಲೀಸರು ಹಿಡಿದಿದ್ದಾರೆ ಅಂತ ಹೇಳಿ ಹಿಂದೆ ಒಬ್ಬ ಹುಡುಗ ಅಳೋದನ್ನು ಕೇಳಿಸಿದರು. ನಾವೀಗ ಮನೆಯಲ್ಲಿ ಒಂದು ಗುಟ್ಟಿನ ಪ್ರಶ್ನೆ ಇಟ್ಟುಕೊಂಡಿದ್ದೇವೆ, ಉತ್ತರ ನಾಲ್ಕು ಜನರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ವಾಟ್ಸಾಪ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ, ಕಾಲ್ಸ್ ಒಳಗೆ ಹೋಗಿ ‘ಸೈಲೆನ್ಸ್ ಅನ್‌ನೋನ್ ಕಾಲರ್ಸ್’ ಆನ್ ಮಾಡಿ. ಗೊತ್ತಿಲ್ಲದವರ ಕಾಲ್ ಸದ್ದೇ ಮಾಡಲ್ಲ, ಮಾಮೂಲಿ ಕಾಲ್‌ಗೆ ಏನೂ ತೊಂದರೆ ಇಲ್ಲ, ಗ್ಯಾಸ್ ಹುಡುಗ ಮಾಡಿದರೆ ರಿಂಗ್ ಆಗುತ್ತೆ. ಹೊರದೇಶದಿಂದ ಮಾಡಿ +91 ಅಂತ ತೋರಿಸುವ ಕಾಲ್‌ಗಳನ್ನು ತಡೆಯುವ ವ್ಯವಸ್ಥೆ 2024ರ ಅಕ್ಟೋಬರ್‌ನಲ್ಲಿ ಬಂತು. +91 ಬಿಟ್ಟು ಬೇರೆ ಏನು ಕಂಡರೂ, ನನ್ನ ನಂಬರ್ ಅಲ್ಲದಿದ್ದರೆ ಎತ್ತಬೇಡಿ ಅಂತ ಅಮ್ಮನಿಗೆ ಹೇಳಿದ್ದೇನೆ.

ಹಾಸನದ ಹೈದ:

ನಾನಾದರೆ ಅವರನ್ನು ಸುಮ್ನೆ ಬಿಡಲ್ಲ. ಹೂಂ ಹೂಂ ಅಂತ ಅರ್ಧ ಗಂಟೆ ಮಾತಾಡಿಸ್ತೀನಿ. ನನ್ನ ಹತ್ರ ಅವರ ಟೈಮ್ ಹೋದಷ್ಟೂ ಇನ್ನೊಬ್ಬರು ಬಚಾವ್ ಆಗ್ತಾರೆ. ಎಲ್ಲರೂ ಹೀಗೆ ಮಾಡಬೇಕು.

ಮಾಜಿ ಕ್ಯಾಷಿಯರ್, ಶಿವಮೊಗ್ಗ:

ತಮ್ಮಾ, ನಿನ್ನ ಸಿಟ್ಟು ಅರ್ಥ ಆಗುತ್ತೆ, ಆದರೆ ವಯಸ್ಸಾದವರಿಗೆ ಈ ಸಲಹೆ ಬೇಡ. ಮಾತಾಡಿದಷ್ಟೂ ಈ ನಂಬರ್‌ನಲ್ಲಿ ಜನ ಸಿಗ್ತಾರೆ ಅಂತ ಗುರುತು ಹಾಕಿಕೊಳ್ತಾರೆ. ಇವರ ಕಸುಬೇ ಮಾತು. ಇನ್ನೊಂದು ವಿಷಯ, ಆ ಕಡೆ ಇರೋರೆಲ್ಲ ಕಳ್ಳರೇ ಅಲ್ಲ. ಕೆಲಸ ಕೊಡಿಸ್ತೀವಿ ಅಂತ ಥಾಯ್ಲೆಂಡ್‌ಗೆ ಕರೆಸಿ, ಮ್ಯಾನ್ಮಾರ್‌ನ ಮ್ಯಾವಾಡಿ ಕಡೆ ಕೂಡಿಹಾಕಿ ಇದೇ ಕೆಲಸ ಮಾಡಿಸ್ತಿದ್ದ ನೂರಾರು ಭಾರತೀಯರನ್ನು ಸರ್ಕಾರ 2025ರ ಮಾರ್ಚ್‌ನಲ್ಲಿ ವಿಮಾನದಲ್ಲಿ ವಾಪಸ್ ತಂದಿದೆ.

ದೂರಿನ ಪ್ರಶ್ನೆ ಬಿಟ್ಟೇ ಹೋಗಿತ್ತು. ದುಡ್ಡು ಹೋಗದಿದ್ದರೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟ್‌ನಲ್ಲಿ ಚಕ್ಷು ಅಂತ ಇದೆ, ಅಲ್ಲಿ ಕಾಲ್ ಬಂದ ನಂಬರ್, ಹೊತ್ತು, ಸ್ಕ್ರೀನ್‌ಶಾಟ್ ಹಾಕಿ. ದುಡ್ಡು ಹೋಗಿದ್ದರೆ ಅಲ್ಲಿ ಹೋಗಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ನಿಮಿಷಗಳಲ್ಲಿ ಜಾರುತ್ತೆ, ಬೇಗ ಹೇಳಿದರೆ ದಾರಿಯಲ್ಲೇ ತಡೆಹಿಡಿಯೋಕೆ ಆಗುತ್ತೆ. ಸಂಜೆ ಮಗ ಬರಲಿ ಅಂತ ಕಾಯಲೇಬಾರದು.

ಅದೇ ಸಂಚಾರ್ ಸಾಥಿಯಲ್ಲಿ ಒಬ್ಬರ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತಲೂ ತೋರಿಸುತ್ತೆ. ಅಪ್ಪನ ಪಕ್ಕದಲ್ಲೇ ಕೂತು ತೆಗೆದು ತೋರಿಸಮ್ಮ. ಮುಂಬೈ ಸಿಮ್ ಇದೆಯೋ ಇಲ್ಲವೋ ಅವರ ಕಣ್ಣಿಗೇ ಕಾಣಲಿ.

ದಾವಣಗೆರೆ ಹುಡುಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಊರಿಗೆ ಬಂದು ಅಪ್ಪನ ಜೊತೆ ಕೂತು ನೋಡಿದೆ. ಲಿಸ್ಟ್‌ನಲ್ಲಿ ಎರಡು ನಂಬರ್ ಬಂದಾಗ ಅಪ್ಪನ ಎದೆ ಧಸಕ್ ಅಂತು. ಎರಡನೇದರ ಕೊನೆಯ ಅಂಕಿಗಳನ್ನು ಅವರೇ ಎರಡು ಸಲ ಓದಿ, ‘ಇದು ನಿಮ್ಮಮ್ಮಂದು ಕಣೆ’ ಅಂದರು. ಅಮ್ಮನಿಗೆ ಅಪ್ಪನ ಹೆಸರಿನಲ್ಲೇ ಸಿಮ್ ತೆಗೆಸಿಕೊಟ್ಟಿದ್ದು ನನಗೆ ಗೊತ್ತೇ ಇರಲಿಲ್ಲ. ಬೇರೆ ಯಾವ ಸಿಮ್ಮೂ ಇಲ್ಲ. ಸೋಮವಾರ ಠಾಣೆಗೂ ಹೋಗ್ತೀವಿ, ಅಪ್ಪ ತಾವೇ ಹೋಗೋಣ ಅಂದಿದ್ದಾರೆ. ಸರ್, ಅಮ್ಮ ಹೋಗಿ ಸುಮಾರು ದಿನ ಆಯಿತು, ಆ ನಂಬರನ್ನು ಈಗ ಏನು ಮಾಡಬೇಕು?

ಮಾಜಿ ಕ್ಯಾಷಿಯರ್, ಶಿವಮೊಗ್ಗ:

ಅದೇ ಲಿಸ್ಟ್‌ನಲ್ಲಿ ‘ನಾಟ್ ರಿಕ್ವೈರ್ಡ್’ ಅಂತ ಇರುತ್ತೆ, ಒತ್ತಿದರೆ ಆ ಸಂಪರ್ಕ ಬೇಡ ಅಂತ ಹೋಗುತ್ತೆ. ‘ನಾಟ್ ಮೈ ನಂಬರ್’ ಒತ್ತಬೇಡ, ಅದು ಗೊತ್ತಿಲ್ಲದ ಸಿಮ್‌ಗೆ. ಆದರೆ ಇವತ್ತೇ ಮಾಡಬೇಡಮ್ಮ. ಅಮ್ಮ ಅಪ್ಪನ ಜಂಟಿ ಖಾತೆ ಇದ್ದರೆ, ಅಥವಾ ಗ್ಯಾಸ್ ಅಮ್ಮನ ಹೆಸರಿನಲ್ಲಿದ್ದರೆ ಅದಕ್ಕೆ ಈ ನಂಬರ್ ಕೊಟ್ಟಿದ್ದಾರಾ ಅಂತ ಮೊದಲು ನೋಡು. ಕೊಟ್ಟಿದ್ದರೆ ಅಪ್ಪನ ನಂಬರಿಗೆ ಬದಲಿಸಿ, ಆಮೇಲೆ ಬಂದ್ ಮಾಡಿಸಿ. ಸೋಮವಾರ ಠಾಣೆಯಿಂದ ಬರುವಾಗ ಬ್ಯಾಂಕಿಗೂ ಹೋಗಿ ಬಾ, ಪಾಸ್‌ಬುಕ್ ಜೊತೆಗೆ ಅಮ್ಮನ ಮರಣ ಪತ್ರದ ಜೆರಾಕ್ಸ್ ಇಟ್ಟುಕೊಂಡಿರು.