ಸ್ಯಾಂಪಲ್ ಪಾಸ್, ಸಬ್ಮಿಟ್ ಫೇಲ್: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ 5ರಿಂದ 7ರವರೆಗೆ ಮೇಡಂ ಸಿಗುತ್ತಾರೆ. ನಮ್ಮ ದಾವಣಗೆರೆಯವರೇ, 15 ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಹ್ಯಾಕರ್‌ರ್ಯಾಂಕ್, ಲೀಟ್‌ಕೋಡ್, ಕೋಡ್‌ಶೆಫ್ ಇಂಥ ಕೋಡಿಂಗ್ ಸೈಟ್ ಯಾವುದರಲ್ಲಾದರೂ ಅಭ್ಯಾಸ ಶುರು ಮಾಡಿ ಸಿಕ್ಕಿಕೊಂಡವರು ಕೇಳಿ. ಹೆಸರು ಬೇಡ, ಊರು ಹಾಕಿ ಸಾಕು. ಗುಡ್ ಈವನಿಂಗ್ ಫೋಟೊ ದಯವಿಟ್ಟು ಬೇಡ.

ವಿದ್ಯಾನಗರ: ಮೇಡಂ, ಪೈಥಾನ್‌ನಲ್ಲಿ ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಂ. 5 ಮತ್ತು 3 ಕೊಟ್ಟರೆ 53 ಬರುತ್ತಿದೆ.

ಮೇಡಂ: ಇನ್‌ಪುಟ್‌ನಿಂದ ಬರುವುದು ಯಾವಾಗಲೂ ಅಕ್ಷರ, ಸಂಖ್ಯೆ ಅಲ್ಲ. 5ರ ಪಕ್ಕ 3 ಅಂಟಿಸಿದೆ ಅಷ್ಟೆ. ಮೊದಲು ಇಂಟ್, ಅಂದರೆ ಪೂರ್ಣಾಂಕ, ಮಾಡಿಕೊಂಡು ಆಮೇಲೆ ಕೂಡಿಸಿ.

ಹರಿಹರ: ನನ್ನ ಕಂಪ್ಯೂಟರ್‌ನಲ್ಲಿ ಉತ್ತರ ಸರಿ ಇದೆ. ಸೈಟ್‌ನಲ್ಲಿ ಪ್ರಶ್ನೆ ಜೊತೆ ಕೊಟ್ಟಿರುವ ಸ್ಯಾಂಪಲ್ಲೇ ರಾಂಗ್ ಆನ್ಸರ್.

ಮೇಡಂ: 'ಎಂಟರ್ ದಿ ನಂಬರ್' ಅಂತ ಪ್ರಿಂಟ್ ಮಾಡಿದ್ದೀರಾ?

ಹರಿಹರ: ಹೌದು. ಲ್ಯಾಬ್‌ನಲ್ಲಿ ಹಾಗೇ ಹೇಳಿಕೊಟ್ಟಿದ್ದು.

ಮೇಡಂ: ತೆಗೆಯಿರಿ. ಆ ಕಡೆ ಮನುಷ್ಯರು ಕೂತಿಲ್ಲ. ನಿಮ್ಮ ಔಟ್‌ಪುಟ್ ಮತ್ತು ಅವರ ಔಟ್‌ಪುಟ್ ಪಕ್ಕಪಕ್ಕ ಇಟ್ಟು ಹೋಲಿಸುವುದು ಇನ್ನೊಂದು ಪ್ರೋಗ್ರಾಂ. ನೀವು ಮರ್ಯಾದೆಯಿಂದ ಕೇಳಿದ ಆ ಸಾಲೂ ಅದಕ್ಕೆ ತಪ್ಪು ಉತ್ತರವೇ.

ಜಗಳೂರು: ಮೇಡಂ, ಡಿಪ್ಲೊಮಾ ಎರಡನೇ ವರ್ಷ. ಫ್ಯಾಕ್ಟೋರಿಯಲ್ ಪ್ರೋಗ್ರಾಂ (1ರಿಂದ ಆ ಸಂಖ್ಯೆವರೆಗೆ ಎಲ್ಲಾ ಗುಣಿಸುವುದು), ಸಿ ಭಾಷೆ. 7ಕ್ಕೆ 5040 ಸರಿಯಾಗಿ ಬರುತ್ತದೆ. 8ಕ್ಕೆ ಮೈನಸ್ 25216 ಬರುತ್ತದೆ. ಲೂಪ್ ಹತ್ತು ಸಲ ನೋಡಿದೆ. ಸೈಟಿಗೆ ಹಾಕಿದರೆ ಕಂಪೈಲ್ ಕೂಡ ಆಗಲ್ಲ.

ಮೇಡಂ: ತಮ್ಮಾ, ನಿನ್ನ ಕೋಡ್ ನೋಡದೇ ಹೇಳುತ್ತೇನೆ. ನೀನು ಬಳಸುತ್ತಿರುವುದು ಟರ್ಬೊ ಸಿ, ಕೋಡನ್ನು ಓಡುವ ಪ್ರೋಗ್ರಾಂ ಮಾಡಿಕೊಡುವ ಹಳೇ ಕಂಪೈಲರ್. ನೀಲಿ ಪರದೆ. ಹೌದಲ್ವಾ?

ಜಗಳೂರು: ಹೌದು ಮೇಡಂ!! ಹೇಗೆ ಗೊತ್ತಾಯ್ತು?

ಮೇಡಂ: ಆ ಮೈನಸ್ 25216 ಹೇಳಿತು. 8ರ ಫ್ಯಾಕ್ಟೋರಿಯಲ್ 40320. ಟರ್ಬೊ ಸಿ 1987ರಲ್ಲಿ ಬಂದಿದ್ದು, ಡಾಸ್ ಕಾಲದ್ದು. ಅದರಲ್ಲಿ ಇಂಟ್ ಅಂದರೆ 16 ಬಿಟ್, ಹಿಡಿಯುವುದು 32767ರವರೆಗೆ ಮಾತ್ರ. ಅದಕ್ಕಿಂತ ಜಾಸ್ತಿ ಆದರೆ ಸುತ್ತು ಹೊಡೆದು ಮೈನಸ್ ಕಡೆಯಿಂದ ಬರುತ್ತದೆ. ಈಗಲೇ ಪೆನ್ನು ತಗೊಂಡು 40320ರಲ್ಲಿ 65536 ಕಳೆದು ನೋಡು. ಬಂತಾ? ನಿನ್ನ ಲೂಪ್ ಸರಿ ಇದೆ. ಪಾತ್ರೆ ಚಿಕ್ಕದು.

ಕಂಪೈಲ್ ಆಗದೆ ಇರುವುದಕ್ಕೆ ಕಾರಣ ಟರ್ಬೊ ಸಿಯ ಕೊನಿಯೊ ಡಾಟ್ ಎಚ್ ಫೈಲ್ ಮತ್ತು ಪರದೆ ಒರೆಸುವ ಕ್ಲಿಯರ್ ಸ್ಕ್ರೀನ್. ಆ ಸೈಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಜಿಸಿಸಿ ಅನ್ನುವ ಕಂಪೈಲರ್, ಅದಕ್ಕೆ ಇವೆರಡೂ ಗೊತ್ತಿಲ್ಲ. ಎರಡೂ ಅಳಿಸು, ಕೀ ಒತ್ತುವವರೆಗೆ ಕಾಯುವ ಗೆಚ್ ಕೂಡ.

ಈಗ ನಿಜವಾಗಿ ಹೆದರಬೇಕಾದ ಜಾಗ. ಜಿಸಿಸಿಯಲ್ಲಿ ಇಂಟ್ 32 ಬಿಟ್, 2147483647ರವರೆಗೆ ಹಿಡಿಯುತ್ತದೆ. 12ರ ಫ್ಯಾಕ್ಟೋರಿಯಲ್ ಸರಿ ಬರುತ್ತದೆ. 13ಕ್ಕೆ ಹಾಕಿದರೆ 1932053504 ಅಂತ ತೋರಿಸುತ್ತದೆ. ಮೈನಸ್ ಇಲ್ಲ, ನೋಡೋಕೆ ಚೆನ್ನಾಗೇ ಇದೆ, ಆದರೆ ಸುಳ್ಳು. ಸರಿ ಉತ್ತರ 6227020800. ಮೈನಸ್ ಬಂದಿದ್ದಕ್ಕೆ ನೀನು ಇಲ್ಲಿಗೆ ಬಂದೆ. ಮೈನಸ್ ಬರದೆ ಇದ್ದಿದ್ದರೆ ಸೈಟೇ ತಪ್ಪು ಅಂತ ಬೈಕೊಂಡು ಮಲಗುತ್ತಿದ್ದೆ. ಇಂಟ್ ಬದಲು ದೊಡ್ಡ ಪಾತ್ರೆ ಲಾಂಗ್ ಲಾಂಗ್ ಹಾಕಿದರೆ 20ರವರೆಗೆ ನಡೆಯುತ್ತದೆ, 21ಕ್ಕೆ ಮತ್ತೆ ಅದೇ ಕಥೆ. ಅದಕ್ಕೇ ಕೇಳುತ್ತಿದ್ದೇನೆ: ಪ್ರಶ್ನೆಯಲ್ಲಿ ಎನ್, ಅಂದರೆ ಇನ್‌ಪುಟ್ ಸಂಖ್ಯೆ, ಎಷ್ಟರವರೆಗೆ ಅಂತ ಕೊಟ್ಟಿದ್ದಾರೆ?

ನಿಟ್ಟುವಳ್ಳಿ: ಮೇಡಂ ಟೈಮ್ ಲಿಮಿಟ್ ಎಕ್ಸೀಡೆಡ್ ಬರುತ್ತಿದೆ. ಎರಡು ಸಂಖ್ಯೆ ಕೂಡಿಸಿದರೆ ಕೊಟ್ಟ ಮೊತ್ತ ಬರುವ ಜೋಡಿ ಹುಡುಕಬೇಕು. ಲೂಪ್ ಒಳಗೆ ಲೂಪ್ ಹಾಕಿದ್ದೇನೆ. ಒಂದು ಲಕ್ಷ ಸಂಖ್ಯೆ.

ಮೇಡಂ: ಲಕ್ಷ ಗುಣಿಸು ಲಕ್ಷ, ಸಾವಿರ ಕೋಟಿ. ಸಿ ಪ್ಲಸ್ ಪ್ಲಸ್‌ನಲ್ಲೂ ಸೆಕೆಂಡಿಗೆ ಸುಮಾರು 10 ಕೋಟಿ ಸಣ್ಣ ಹೆಜ್ಜೆ ಅಂತ ಲೆಕ್ಕ ಇಟ್ಟುಕೊಳ್ಳಿ, ಪೈಥಾನ್‌ನಲ್ಲಿ ಇನ್ನೂ ಕಡಿಮೆ. ನೋಡಿದ ಸಂಖ್ಯೆಗಳನ್ನು ಒಂದು ಸೆಟ್‌ನಲ್ಲಿ ಹಾಕುತ್ತಾ ಹೋಗಿ. ಹೊಸದು ಬಂದಾಗ ಅದರ ಜೊತೆಯದು ಈಗಾಗಲೇ ಒಳಗಿದೆಯಾ ಅಂತ ಕೇಳಿ. ಒಂದೇ ಲೂಪ್ ಸಾಕು.

ಪಿ.ಜೆ. ಬಡಾವಣೆ: ಮೇಡಂ, ನನಗೆ 34. ಮಗು ಆದ ಮೇಲೆ 7 ವರ್ಷ ಕೆಲಸ ಬಿಟ್ಟಿದ್ದೆ. ಈಗ ಮೊದಲಿಂದ ಶುರು ಮಾಡಿದರೆ ಆಗುತ್ತಾ? ದಿನಕ್ಕೆ ಒಂದು ಗಂಟೆ ಸಿಗುತ್ತದೆ.

ಹಿರಿಯೂರು: ಫಾರ್ವರ್ಡ್: 🔥 ರನ್‌ಟೈಮ್ ಎರರ್‌ಗೆ ರಾಮಬಾಣ! ಪೈಥಾನ್ ರಿಕರ್ಶನ್ ಲಿಮಿಟ್ 10 ಲಕ್ಷ ಮಾಡಿ, ಎಲ್ಲಾ ಟೆಸ್ಟ್ ಪಾಸ್! 10 ಜನರಿಗೆ ಕಳಿಸಿ 🔥

ಮೇಡಂ: ಯಾರೂ ಮಾಡಬೇಡಿ. ಫಂಕ್ಷನ್ ತನ್ನನ್ನೇ ಒಂದರೊಳಗೊಂದು ಎಷ್ಟು ಸಲ ಕರೆಯಬಹುದು ಅನ್ನುವ ಆ ಮಿತಿ ಸುಮ್ನೆ 1000 ಅಂತ ಇಟ್ಟಿಲ್ಲ, ಅದು ಬಾವಿಗೆ ಕಟ್ಟಿದ ಕಟ್ಟೆ. ಹೆಚ್ಚಿನ ಸಲ ತಪ್ಪು ಇರುವುದು ಎಲ್ಲಿ ನಿಲ್ಲಬೇಕು ಅನ್ನುವ ಷರತ್ತಿನಲ್ಲಿ. ಕಟ್ಟೆ ಒಡೆದರೆ ಮೆಮೊರಿ ತುಂಬಿ ಪ್ರೋಗ್ರಾಂ ಸದ್ದಿಲ್ಲದೆ ಸಾಯುತ್ತದೆ, ಎಲ್ಲಿ ಅಂತಲೂ ಹೇಳಲ್ಲ.

ಹಿರಿಯೂರು: ನಾನು ಬರೆದಿದ್ದಲ್ಲ ಮೇಡಂ, ಬಂದಿದ್ದನ್ನ ಕಳಿಸಿದೆ.

ಮೇಡಂ: ಗೊತ್ತಾಗುತ್ತಿದೆ.

ಹೊಸದುರ್ಗ: 'ಸ್ಟ್ರೇ 342' ಅಂತ ಎರರ್. ನನ್ನ ಪ್ರೋಗ್ರಾಂ ಇರುವುದೇ 12 ಸಾಲು, 342ನೇ ಸಾಲು ಎಲ್ಲಿಂದ ಬಂತು?

ಮೇಡಂ: 😄 ಅದು ಸಾಲಿನ ನಂಬರ್ ಅಲ್ಲ. ಪಿಡಿಎಫ್‌ನಿಂದ ಕಾಪಿ ಮಾಡಿದ್ದೀರಿ, ಉದ್ಧರಣ ಚಿಹ್ನೆ ಬಾಗಿರುವುದು ಬಂದಿದೆ. ಕಂಪೈಲರ್‌ಗೆ ಬೇಕಾಗಿರುವುದು ನೆಟ್ಟಗಿರುವುದು. ಕೈಯಲ್ಲೇ ಟೈಪ್ ಮಾಡಿ.

ಚಿತ್ರದುರ್ಗ: ನಾನು ಪಾಠ ಮಾಡುವವನು. ಟರ್ಬೊ ಸಿಯನ್ನು ಹೀಗೆ ಆಡಿಕೊಳ್ಳುವುದು ಸರಿಯಲ್ಲ. ಬೇಸಿಕ್ಸ್ ಎಲ್ಲಿ ಕಲಿತರೂ ಬೇಸಿಕ್ಸೇ.

ಹರಿಹರ: ಸರ್, ಇಂಟರ್‌ವ್ಯೂನಲ್ಲಿ ಕ್ಲಿಯರ್ ಸ್ಕ್ರೀನ್ ಬರೆದು ನಗೆಪಾಟಲಾಗಿದ್ದು ನಾನು, ನೀವಲ್ಲ.

ಚಿತ್ರದುರ್ಗ: ಲ್ಯಾಬ್‌ನಲ್ಲಿರುವ ಕಂಪ್ಯೂಟರ್ ಬಂದು ನೋಡಪ್ಪಾ. ಹೊಸದು ಕೊಡಿಸು, ಹೊಸದು ಕಲಿಸುತ್ತೇನೆ.

ಹೊನ್ನಾಳಿ: ಎಲ್ಲರೂ ಪೈಥಾನ್ ಕಲಿಯಿರಿ, ಜಗಳವೇ ಇರಲ್ಲ.

ಹರಿಹರ: ಪೈಥಾನ್ ಅಂದರೆ ಸ್ಪೇಸ್ ಎಣಿಸುವ ಕೆಲಸ.

ಹೊನ್ನಾಳಿ: ಒಂದು ಪ್ರಿಂಟ್ ಸಾಲು ತೆಗೆಯೋಕೆ ಮೇಡಂ ಬೇಕಾಯ್ತು, ಈಗ ಭಾಷೆ ಬಗ್ಗೆ ಮಾತು ನೋಡು.

ಮೇಡಂ: ಸರ್, ಕಂಪ್ಯೂಟರ್ ವಿಷಯ ಒಪ್ಪುತ್ತೇನೆ. ಆದರೆ ಜಿಸಿಸಿ ಹಳೇ ಕಂಪ್ಯೂಟರ್‌ನಲ್ಲೂ ಓಡುತ್ತದೆ, ದುಡ್ಡೂ ಕೊಡಬೇಕಿಲ್ಲ. ಉಳಿದವರು ಬೇರೆ ಕಡೆ ಕಿತ್ತಾಡಿ.

ಆವರಗೆರೆ: ಮೇಡಂ ಟೈಮ್ ಲಿಮಿಟ್ ಬರುತ್ತಿದೆ.

ಮೇಡಂ: ನಿಟ್ಟುವಳ್ಳಿಗೆ ಹೇಳಿದ್ದು ಓದಿ.

ಚಳ್ಳಕೆರೆ: ಮೇಡಂ, ಪ್ರೊಫೈಲ್‌ನಲ್ಲಿ 210 ಪ್ರಾಬ್ಲಂ ಆಗಿದೆ. ಮೊನ್ನೆ ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಒಂದು ಪದ ತಿರುಗಿಸಿ ಬರೆಯಿರಿ ಅಂದರು. ಕೈ ಓಡಲೇ ಇಲ್ಲ. ಬೋರ್ಡ್ ಮುಂದೆ ಸುಮ್ನೆ ನಿಂತಿದ್ದೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಮೇಡಂ: 210ರಲ್ಲಿ ಉತ್ತರ ನೋಡಿ ಹಾಕಿದ್ದು ಎಷ್ಟು? ನನಗೆ ಹೇಳಬೇಡಮ್ಮಾ, ನಿನಗೆ ನೀನೇ ಹೇಳಿಕೊ. ಉತ್ತರ ನೋಡುವುದು ತಪ್ಪಲ್ಲ, ನಾನೂ ನೋಡುತ್ತೇನೆ. ನೋಡಿದ ಮೇಲೆ ಮುಚ್ಚಿಟ್ಟು, ಮಾರನೇ ದಿನ ಖಾಲಿ ಹಾಳೆಯಲ್ಲಿ ಬರೆಯಬೇಕು. ಹಳೆಯದರಲ್ಲೇ ಸುಲಭದ 10 ಆರಿಸಿಕೊ, ಹೊಸದು ಮುಟ್ಟಬೇಡ. ಹಾಳೆಗೆ ಕಂಬ ಎಳೆದು ಒಂದರಲ್ಲಿ ಮೊದಲಿಂದ ಬರುವ ಐ, ಇನ್ನೊಂದರಲ್ಲಿ ಕೊನೆಯಿಂದ ಬರುವ ಜೆ, ಮೂರನೆಯದರಲ್ಲಿ ಪದ ಈಗ ಹೇಗಿದೆ ಅಂತ ಬರೆ. 'ಕಮಲ' ಅಂತ ಹಾಕು. ಮೊದಲ ಸುತ್ತಿಗೆ ಕ ಮತ್ತು ಲ ಜಾಗ ಬದಲಾಗಿ 'ಲಮಕ', ಅಲ್ಲಿಗೇ ಮುಗೀತು. ಯಾಕೆ ಅಲ್ಲಿಗೇ ನಿಲ್ಲಬೇಕು, ಇನ್ನೊಂದು ಸುತ್ತು ಹೋದರೆ ಏನಾಗುತ್ತದೆ ಅಂತ ನೀನೇ ಬರೆದು ನೋಡು. ಬೋರ್ಡ್ ಮುಂದೆ ನಿಂತು ಹೋಗುವುದು ಎಲ್ಲರಿಗೂ ಆಗಿದೆ. ಮನೆಯಲ್ಲಿ ಹೇಳು.

ಚಳ್ಳಕೆರೆ: 🙏 ಸರಿ ಅಕ್ಕಾ.

ಪಿ.ಜೆ. ಬಡಾವಣೆ: ಮೇಡಂ ನನ್ನ ಪ್ರಶ್ನೆ ಮೇಲೆ ಹೋಯ್ತು ಅನ್ಸುತ್ತೆ.

ಹಿರಿಯೂರು: ಫಾರ್ವರ್ಡ್: ✅ 300 ಪ್ರಾಬ್ಲಂ ಉತ್ತರಗಳ ಪಿಡಿಎಫ್. 499 ಕಳಿಸಿದರೆ ಕೆಲಸ ಗ್ಯಾರಂಟಿ. ಓಟಿಪಿ ಹೇಳಿದರೆ ಲಿಂಕ್ ಬರುತ್ತದೆ ✅

ಮೇಡಂ: ಓಟಿಪಿ ಕೇಳುವ ಪಿಡಿಎಫ್ ಎಲ್ಲಾದರೂ ಉಂಟಾ? ಯಾರಾದರೂ ಆಗಲೇ ಹೇಳಿದ್ದರೆ ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಿರಿಯೂರಿನವರೇ, ಇದು ಎರಡನೇ ಸಲ. ಓದಿ ಕಳಿಸುತ್ತೀರೋ, ಕಳಿಸಿ ಓದುತ್ತೀರೋ?

ಹಿರಿಯೂರು: ಸಹಾಯ ಆಗಲಿ ಅಂತ ಹಾಕಿದೆ. ಇಷ್ಟು ಬೈಯುವ ಅವಶ್ಯಕತೆ ಇರಲಿಲ್ಲ.

ಅಡ್ಮಿನ್: ಅಳಿಸಿದ್ದೇನೆ. ಮೇಡಂಗೆ ಇನ್ನು 5 ನಿಮಿಷ.

ಲೋಕಿಕೆರೆ: ಟೈಮ್ ಲಿಮಿಟ್ ಎಕ್ಸೀಡೆಡ್ ಬಂದರೆ ಏನು ಮಾಡಬೇಕು ಮೇಡಂ?

ಮೇಡಂ: ಮೇಲೆ.

ಜಗಳೂರು: ಮೇಡಂ, ಲಾಂಗ್ ಲಾಂಗ್ ಹಾಕಿದೆ. ಕಂಪೈಲ್ ಆಯ್ತು, ಮೂರು ಟೆಸ್ಟ್ ಪಾಸ್! ನಾಲ್ಕನೆಯದು ಫೇಲ್. ಎನ್ ಒಂದು ಲಕ್ಷದವರೆಗೆ ಅಂತಿದೆ.

ಮೇಡಂ: ಇದನ್ನೇ ಆಗ ಕೇಳಿದ್ದು. ಪ್ರಶ್ನೆಯ ಕೊನೇ ಸಾಲಿನಲ್ಲಿ 1000000007 ಅಂತ ಇದೆಯಾ?

ಜಗಳೂರು: ಇದೆ ಮೇಡಂ. ಹತ್ತು ಅಂಕಿ ಇತ್ತು, ಯಾರದ್ದೋ ಫೋನ್ ನಂಬರ್ ಅಂದುಕೊಂಡಿದ್ದೆ.

ಮೇಡಂ: 😂 ಅದರಿಂದ ಭಾಗಿಸಿ ಶೇಷ ಕೊಡಬೇಕು. ಪೂರ್ತಿ ಗುಣಿಸಿ ಕೊನೆಗೆ ಅಲ್ಲ, ಒಂದೊಂದು ಗುಣಾಕಾರ ಆದ ಮೇಲೂ ಶೇಷ ತಗೊ. ಆಗ ಸಂಖ್ಯೆ ಲಾಂಗ್ ಲಾಂಗ್ ದಾಟುವುದೇ ಇಲ್ಲ. ಹಾಕಿ ನೋಡಿ ಹೇಳು, ಕಾಯುತ್ತೇನೆ.

ಜಗಳೂರು: ಕರೆಂಟ್ ಹೋಯ್ತು ಮೇಡಂ. ಬಂದ ತಕ್ಷಣ ಹೇಳುತ್ತೇನೆ.