ಡಿಜಿಟಲ್ ಸ್ನೇಕ್‌ಗೆ ಇನ್ನಷ್ಟು ಔಟ್‌ಪುಟ್: ಎರಡನೆಯ ಸ್ಟೇಜ್ ಬಾಕ್ಸೋ, ಡಾಂಟೆ ಅಡಾಪ್ಟರೋ?

ಕೇಬಲ್ ಸುತ್ತುವವ:
ನಮಸ್ಕಾರ. ನಾನು ನೋಡಿಕೊಳ್ಳುವ ರಂಗಮಂದಿರದಲ್ಲಿ ಬೆಹ್ರಿಂಗರ್ ಎಕ್ಸ್32 ಮಿಕ್ಸರ್ ಬಾಲ್ಕನಿಯ ಕೆಳಗಿದೆ. ಅಲ್ಲಿಂದ ವೇದಿಕೆಯ ಪಕ್ಕದ ಎಸ್16 ಸ್ಟೇಜ್ ಬಾಕ್ಸಿಗೆ (ಮೈಕು, ಸ್ಪೀಕರ್‌ಗಳನ್ನು ಸಿಕ್ಕಿಸುವ ಪೆಟ್ಟಿಗೆ) ಎಇಎಸ್50 ಕೇಬಲ್ ಹಾಯಿಸಿದ್ದೇವೆ. ಹಲವು ಧ್ವನಿಗಳನ್ನು ಡಿಜಿಟಲ್ ಆಗಿ ಒಂದೇ ಕೇಬಲ್ಲಿನಲ್ಲಿ ಒಯ್ಯುವ ಇದೇ ನಮ್ಮ ಡಿಜಿಟಲ್ ಸ್ನೇಕ್. ಆ ಬಾಕ್ಸಿನ 8 ಔಟ್‌ಪುಟ್‌ಗಳು ಮುಖ್ಯ ಸ್ಪೀಕರ್, ಸಬ್‌ವೂಫರ್ ಮತ್ತು ಕಲಾವಿದರಿಗೆ ಕೇಳಿಸುವ ಐದು ಮಾನಿಟರ್ ಸ್ಪೀಕರ್‌ಗಳಿಗೇ ಮುಗಿದಿವೆ. ಈಗ ಬಾಲ್ಕನಿಗೆ ಎರಡು, ಬಣ್ಣದ ಕೋಣೆಗೆ ಒಂದು, ಹೊರಗಿನ ಪಡಸಾಲೆಗೆ ಒಂದು ಬೇಕಾಗಿದೆ. ಪಡಸಾಲೆಗೆ ಮಿಕ್ಸರಿನಿಂದಲೇ 60 ಮೀಟರ್ ಅನಲಾಗ್ ಕೇಬಲ್ ಎಳೆದು ನೋಡಿದೆವು. ದೀಪಗಳ ಡಿಮ್ಮರ್ ತಿರುಗಿಸಿದೊಡನೆ ಗುಂಯ್ ಎಂಬ ಸದ್ದು ಶುರುವಾಗುತ್ತದೆ. ಇನ್ನೊಂದು ಎಸ್16 ಕೊಳ್ಳುವುದೋ, ಕಂಪ್ಯೂಟರ್ ನೆಟ್‌ವರ್ಕಿನ ಮೂಲಕ ಧ್ವನಿ ಕಳಿಸುವ ಡಾಂಟೆಯ ಕಾರ್ಡನ್ನು ಮಿಕ್ಸರಿಗೆ ಹಾಕಿಸಿ ಔಟ್‌ಪುಟ್ ಅಡಾಪ್ಟರ್‌ಗಳನ್ನು ತರುವುದೋ? ಸಿಸಿಟಿವಿಗಾಗಿ ಹಾಕಿದ ನೆಟ್‌ವರ್ಕ್ ಸ್ವಿಚ್ಚಿಗೇ ಇವನ್ನೂ ಸಿಕ್ಕಿಸಬಹುದೇ?

ಹಳೆಯ ಫೇಡರ್:
ಬಾಲ್ಕನಿಗೆ ಯಾವುದೂ ಬೇಡ. ಮಿಕ್ಸರ್ ಅದರ ಕೆಳಗೇ ಇರುವುದರಿಂದ ಹಿಂಭಾಗದ 16 ಔಟ್‌ಪುಟ್‌ಗಳಲ್ಲಿ ಎರಡನ್ನು ಬಳಸಿದರಾಯಿತು. ಅಷ್ಟು ಗಿಡ್ಡ ಕೇಬಲ್ಲನ್ನು ಡಿಮ್ಮರ್ ತಂತಿಗಳಿಂದ ದೂರವಿಡುವುದು ಕಷ್ಟವಲ್ಲ. ಎರಡನೆಯ ಎಸ್16 ಅನ್ನು ಮೊದಲನೆಯದರ ಎಇಎಸ್50 ಬಿ ಕಿಂಡಿಯಿಂದ ಮುಂದುವರಿಸಿ, ಔಟ್ +8 ಆಯ್ಕೆಯಿಂದ 9ರಿಂದ 16ರವರೆಗಿನ ಔಟ್‌ಪುಟ್ ಪಡೆಯಬಹುದು. ಆದರೆ ಆ ಎಂಟೂ ಒಂದೇ ಕಡೆ ಇರುತ್ತವೆ. ನಿಮಗೆ ಬೇಕಾಗಿರುವುದು ಎರಡು ಮೂಲೆಗಳಲ್ಲಿ ಒಂದೊಂದು. ಎಇಎಸ್50 ಸಾಮಾನ್ಯ ನೆಟ್‌ವರ್ಕ್ ಸ್ವಿಚ್ಚಿನ ಮೂಲಕ ಹಾಯುವುದೂ ಇಲ್ಲ.

ತಂತಿಗಾರ:
ಹಳೆಯ ಫೇಡರ್ ಅವರ ಮಾತಿಗೆ ನನ್ನ ಸಹಮತವಿದೆ. ಬಣ್ಣದ ಕೋಣೆಗೂ ಪಡಸಾಲೆಗೂ ಒಂದೊಂದು ಡಾಂಟೆ ಏವಿಯೊ ಔಟ್‌ಪುಟ್ ಅಡಾಪ್ಟರ್ ಸಾಕು. ಅವು ಕೇಬಲ್ಲಿನಲ್ಲೇ ಬರುವ ವಿದ್ಯುತ್ತಿನಿಂದ ನಡೆಯುವುದರಿಂದ ಪಿಓಇ ಇರುವ ಗಿಗಾಬಿಟ್ ಸ್ವಿಚ್ ಅಗತ್ಯ. ಕ್ಯಾಮೆರಾಗಳ ಸ್ವಿಚ್ಚಿಗೆ ಸೇರಿಸಬೇಡಿ, ಬೇರೆಯದನ್ನೇ ಇಡಿ. ಅದರಲ್ಲಿ ಇಇಇ ಎಂಬ ವಿದ್ಯುತ್ ಉಳಿತಾಯದ ಸೌಲಭ್ಯವಿದ್ದರೆ ನಿಲ್ಲಿಸಿ, ಏಕೆಂದರೆ ಅದು ಡಾಂಟೆಯ ಗಡಿಯಾರದ ಹೊಂದಾಣಿಕೆಯನ್ನು ಕೆಡಿಸಿ ಧ್ವನಿಯನ್ನು ತುಂಡುತುಂಡಾಗಿಸಬಲ್ಲದು. ಮಿಕ್ಸರಿನ ಸ್ಯಾಂಪಲ್ ದರವನ್ನು 48 ಕಿಲೋಹರ್ಟ್ಸಿನಲ್ಲೇ ಇಟ್ಟುಕೊಳ್ಳಿ. ಇನ್ನೊಂದು ಮಾತು ಮೊದಲೇ ತಿಳಿದಿರಲಿ: ಎಕ್ಸ್32ರಲ್ಲಿ ಕಾರ್ಡಿಗೆ ಜಾಗವಿರುವುದು ಒಂದೇ. ಡಾಂಟೆ ಕಾರ್ಡ್ ಕೂತರೆ ಯುಎಸ್‌ಬಿ ಕಾರ್ಡಿನ ಬಹುಟ್ರ್ಯಾಕ್ ರೆಕಾರ್ಡಿಂಗ್ ಹೋಗುತ್ತದೆ.

ಕೇಬಲ್ ಸುತ್ತುವವ:
ರೆಕಾರ್ಡಿಂಗ್ ಹೋದರೆ ನಾಟಕ ತಂಡಗಳು ನನ್ನನ್ನು ಬಿಡುವುದಿಲ್ಲ! ಜೊತೆಗೆ, ಮುಖ್ಯ ಸ್ಪೀಕರಿನಿಂದ ಬಾಲ್ಕನಿಯ ಸ್ಪೀಕರಿಗೆ 24 ಮೀಟರ್ ಅಂತರವಿದೆ. ಎರಡರ ಧ್ವನಿಯೂ ಒಟ್ಟಿಗೆ ಕೇಳುವಂತೆ ಡಿಲೇ (ವಿಳಂಬ) ಎಲ್ಲಿ ಕೊಡಬೇಕು?

ತಂತಿಗಾರ:
ಡಾಂಟೆ ವರ್ಚುವಲ್ ಸೌಂಡ್‌ಕಾರ್ಡ್ ಎಂಬ ತಂತ್ರಾಂಶವನ್ನು ಹಣ ಕೊಟ್ಟು ಪಡೆದರೆ ಅದೇ ನೆಟ್‌ವರ್ಕಿನಿಂದ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಬಹುದು. ಬಾಲ್ಕನಿಯ ಧ್ವನಿಯನ್ನು ಒಂದು ಮ್ಯಾಟ್ರಿಕ್ಸಿನಿಂದ (ಮುಖ್ಯ ಮಿಶ್ರಣವನ್ನು ಬೇರೆ ಔಟ್‌ಪುಟ್‌ಗೆ ಕಳಿಸುವ ದಾರಿ) ಪಡೆದು, ಔಟ್‌ಪುಟ್ ಪುಟದಲ್ಲಿ ಡಿಲೇ ಕೊಡಿ. 30 ಡಿಗ್ರಿ ಬಿಸಿಲಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 349 ಮೀಟರ್ ಸಾಗುವುದರಿಂದ 69 ಮಿಲಿಸೆಕೆಂಡಿನಿಂದ ಆರಂಭಿಸಿ, ಕಿವಿಗೆ ವೇದಿಕೆಯ ಕಡೆಯಿಂದಲೇ ಕೇಳಿದಂತಾಗುವವರೆಗೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಡಾಂಟೆಯ ಒಂದು ಮಿಲಿಸೆಕೆಂಡ್ ವಿಳಂಬ ಸ್ಪೀಕರನ್ನು 35 ಸೆಂಟಿಮೀಟರ್ ಹಿಂದಕ್ಕೆ ಸರಿಸಿದಷ್ಟೇ, ಅದನ್ನು ಮರೆತುಬಿಡಿ.

ಹಳೆಯ ಫೇಡರ್:
ಕೇಬಲ್ ಕೊಳ್ಳುವಾಗ ಒಂದು ತುಂಡು ಕೇಳಿ ಪಡೆದು, ಒಳಗಿನ ತಂತಿಯನ್ನು ಚಾಕುವಿನಿಂದ ಕೆರೆದು ನೋಡಿ. ಕೆಂಪು ಹೋಗಿ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ನಾನು ಅಂಥದ್ದನ್ನು ಗೋಡೆಯೊಳಗೆ ಹಾಕಿಸಿ, ಅಡಾಪ್ಟರ್ ಪದೇ ಪದೇ ಆರಿಹೋಗುವುದನ್ನು ನೋಡಲಾರದೆ ಮತ್ತೆ ಗೋಡೆ ಒಡೆಸಿದ್ದೇನೆ.